ಇಡೀ ಮಾತ್ರೆ ನುಂಗಲು ಬಾರದವನು

ನನ್ನ ತಮ್ಮನನ್ನು ಹೊಸ ಔಷಧದ ಪರೀಕ್ಷೆಯಿಂದ ಹೊರಗೆ ಹಾಕಿದ್ದರಲ್ಲಿ ಡಾಕ್ಟರ ತಪ್ಪಿಲ್ಲ, ಔಷಧದ ತಪ್ಪೂ ಇಲ್ಲ. ಅವನಿಗೆ ಯಾವುದನ್ನೂ ಒಬ್ಬನೇ ತಿನ್ನಲು ಬರುವುದಿಲ್ಲ. ನಡೆದದ್ದು ಇಷ್ಟೇ. ಪೋರೂರಿನ ನಮ್ಮ ಫ್ಲಾಟಿನವರು ಇದಕ್ಕೆ ಬಾಲ ಕಟ್ಟಿ, ಆಸ್ಪತ್ರೆಯವರು ಮುದುಕನ ಮೇಲೆ ಏನೋ ಪ್ರಯೋಗ ಮಾಡಿ ಕೈಬಿಟ್ಟರು ಎಂದು ಲಿಫ್ಟಿನಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಐದನೆಯ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಕಾಗುಣಿತ ತಪ್ಪಿದ್ದರೆ ನೀವೇ ಸರಿಮಾಡಿಕೊಳ್ಳಿ.

ಇದರ ಮೂಲ ನಮ್ಮ ಅಮ್ಮ. ಮನೆಗೆ ಏನು ತಿಂಡಿ ಬಂದರೂ ಒಬ್ಬರು ಮುರಿಯಬೇಕು, ಇನ್ನೊಬ್ಬರು ಆರಿಸಿಕೊಳ್ಳಬೇಕು ಎಂದು ಅವಳ ಕಾನೂನು. ಮುರಿಯುವವನು ಮೋಸ ಮಾಡಿದರೆ ದೊಡ್ಡ ತುಂಡು ಎದುರಿನವರ ಪಾಲು. ಯಾವ ಕೋರ್ಟಿಗೆ ಇಷ್ಟು ಬುದ್ಧಿಯಿದೆ? ಚಿಕ್ಕವನೆಂದು ಮುರಿಯುವ ಕೆಲಸ ತಮ್ಮನಿಗೆ ಬಂತು, ಆರಿಸುವ ಕೆಲಸ ನನಗೆ. ನಾನು ಯಾವಾಗಲೂ ದೊಡ್ಡದನ್ನೇ ಆರಿಸಿದೆ. ಕಾನೂನು ಇರುವುದೇ ಅದಕ್ಕಲ್ಲವೆ?

ಎಲ್ಲ ಮಕ್ಕಳೂ ಬೆಳೆದ ಮೇಲೆ ಇಂಥದ್ದನ್ನು ಮರೆಯುತ್ತಾರೆ. ಇವನು ಮರೆಯಲಿಲ್ಲ. ಮದುವೆಯ ದಿನ ಹೆಂಡತಿ ಬಾಯಿಗೆ ಹಿಡಿದ ಲಾಡನ್ನು ಕೈಯಲ್ಲಿ ತೆಗೆದುಕೊಂಡು, ಮುರಿದು, ಅರ್ಧವನ್ನು ಫೋಟೋದವನ ಕೈಲಿ ನನಗೆ ಕಳಿಸಿದ. ಆ ಫೋಟೋದಲ್ಲಿ ಹುಡುಗಿಯ ಮುಖ ನೋಡಬೇಕು! ಪಾಪ, ಅವಳು ತೀರಿಹೋಗುವವರೆಗೂ ಅರ್ಧರ್ಧ ತಿಂದುಕೊಂಡೇ ಬಾಳಿದಳು. ಆಮೇಲೆ ಇವನು ತನ್ನ ಪೆಟ್ಟಿಗೆ ಎತ್ತಿಕೊಂಡು ನನ್ನ ಮನೆಗೆ ಬಂದ.

ರಿಟೈರಾಗುವ ತನಕ ರೈಲಿನಲ್ಲಿ ಟಿಕೆಟ್ ನೋಡುವ ಕೆಲಸ ಅವನದು. ಟಿಕೆಟ್ ಇಲ್ಲದವನಿಗೆ ದಂಡ ಬರೆದುಕೊಟ್ಟು, ಅವನ ಮುಖ ನೋಡಲಾರದೆ ತನ್ನ ಡಬ್ಬಿಯ ಮೊಸರನ್ನದಲ್ಲಿ ಅರ್ಧ ಕೊಡುತ್ತಿದ್ದ. ಒಬ್ಬ ಭೂಪ ಮುಂದಿನ ತಿಂಗಳೂ ಟಿಕೆಟ್ ಇಲ್ಲದೆ ಹತ್ತಿ, "ಸಾರ್, ಇವತ್ತು ಎನ್ನ ಸಾಪಾಡು?" ಎಂದು ತಮಿಳಿನಲ್ಲಿ ಊಟ ಏನೆಂದು ವಿಚಾರಿಸಿದನಂತೆ. ಬೆಸೆಂಟ್ ನಗರದ ಬೀಚಿನಲ್ಲಿ ಓಡುತ್ತಿದ್ದ ಯಾರನ್ನೋ ಅಡ್ಡಗಟ್ಟಿ ಅರ್ಧ ಜೋಳದ ತೆನೆ ಚಾಚಿದ. ಆ ಮನುಷ್ಯ ಹೆದರಿ ಇನ್ನೂ ಜೋರಾಗಿ ಓಡಿದ.

ಆದರೆ ಅವನ ಪ್ರಾಣವೆಲ್ಲ ಇದ್ದದ್ದು ಕಾಫಿಯಲ್ಲಿ. ನಮ್ಮ ಬೀದಿಯ ಕೊನೆಯ ಹೋಟೆಲಿಗೆ ದಿನಾ ಬೆಳಿಗ್ಗೆ ಹೋಗಿ ಒಂದು ಕಾಫಿ ತೆಗೆದುಕೊಂಡು, ಪಕ್ಕದಲ್ಲಿ ಯಾರು ಕೂತಿದ್ದರೂ ಅವರಿಗೆ ಲೋಟದಿಂದ ಅರ್ಧ ಬಗ್ಗಿಸಿ ಕೊಡಬೇಕು. ಕೊಟ್ಟರೆ ಮಾತು ಹುಟ್ಟುತ್ತದಂತೆ. ಮಾತು ಹುಟ್ಟಿದರೆ ದಿನ ಹುಟ್ಟುತ್ತದಂತೆ. ನನಗೆ ಇಂಥ ಮಾತೆಲ್ಲ ಹಿಡಿಸುವುದಿಲ್ಲ. ಕಾಫಿ ಕುಡಿದು ಸುಮ್ಮನೆ ಎದ್ದು ಬರಬಾರದೆ?

ಅಷ್ಟರಲ್ಲಿ ಕೈನಡುಕ ಬಂತು. ಅಮ್ಮನಿಗೂ ಇತ್ತು. ಜೀವಮಾನವೆಲ್ಲ ಅರ್ಧ ಮಾಡಿ ಹಂಚಿದವಳು ಇದನ್ನು ಮಾತ್ರ ನಮ್ಮಿಬ್ಬರಿಗೂ ಇಡಿಯಾಗಿ ಕೊಟ್ಟುಹೋದಳು. ನಾನು ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟೆ. ಅವನು ಹೋಟೆಲಿನಲ್ಲಿ ಯಾರದೋ ಬಿಳೀ ಪಂಚೆಯ ಮೇಲೆ ಬಿಸಿ ಕಾಫಿ ಚೆಲ್ಲಿ, ಮಾರನೆಯ ದಿನದಿಂದ ಹೋಗುವುದನ್ನೇ ಬಿಟ್ಟ. ಬಾಲ್ಕನಿಯಲ್ಲಿ ಕೂತು ಬೀದಿಯ ಕೊನೆ ನೋಡುತ್ತಿದ್ದ. ಊಟದ ಹೊತ್ತಿಗೆ ಕರೆದರೂ ಒಮ್ಮೆಗೆ ಎದ್ದು ಬರುತ್ತಿರಲಿಲ್ಲ.

ಹತ್ತಿರದ ಆಸ್ಪತ್ರೆಯಲ್ಲಿ ನಡುಕಕ್ಕೆ ಹೊಸ ಔಷಧವನ್ನು ಜನರ ಮೇಲೆ ಪರೀಕ್ಷಿಸುತ್ತಿದ್ದಾರೆ, ಮನೆತನದಲ್ಲೇ ನಡುಕ ಇರುವವರು ಬೇಕಂತೆ ಎಂದು ತಿಳಿದು ಇಬ್ಬರೂ ಹೋದೆವು. ರಕ್ತ ತೆಗೆದರು. ಸುರುಳಿ ಬರೆಯಿರಿ ಎಂದರು. ಅವನು ಜಿಲೇಬಿ ಬರೆದ, ನಾನು ಜಾಂಗ್ರಿ ಬರೆದೆ. ಲೋಟದಿಂದ ಲೋಟಕ್ಕೆ ನೀರು ಬಗ್ಗಿಸಿ ಎಂದರು. ಮೇಜು ಒರೆಸಲು ಆಯಾ ಬರಬೇಕಾಯಿತು. ಕೊನೆಗೆ ಅವನನ್ನು ಸೇರಿಸಿಕೊಂಡರು. ನನ್ನ ಕಿಡ್ನಿ ವೀಕಾಗಿದೆ, ಬೇಡ ಎಂದರು.

ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಹೊಸೂರಿನ ಕಡೆಯವಳು, ಕನ್ನಡದಲ್ಲೇ ಬಿಡಿಸಿ ಹೇಳಿದಳು. "ಕೆಲವರಿಗೆ ನಿಜವಾದ ಮಾತ್ರೆ ಅಜ್ಜಿ, ಕೆಲವರಿಗೆ ನೋಡೋಕೆ ಹಾಗೇ ಇರೋ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಪರೀಕ್ಷೆ ಮುಗಿಯೋವರೆಗೂ ನಮಗೂ ಗೊತ್ತಾಗಲ್ಲ."

"ಕೊಡೋಳಿಗೂ ಗೊತ್ತಿಲ್ಲ, ನುಂಗೋನಿಗೂ ಗೊತ್ತಿಲ್ಲ. ಇನ್ಯಾರಿಗಮ್ಮ ಗೊತ್ತು?"

"ಕಂಪ್ಯೂಟರಿಗೆ."

"ಅದಕ್ಕೆ ಕೈ ನಡುಗುತ್ತಾ?"

ಆಟೋದಲ್ಲಿ ಮನೆಗೆ ಬರುವಾಗ ತಮಾಷೆ ಮಾಡಿದೆ. "ಅಂತೂ ನಿನಗೆ ಒಂದು ಇಡೀ ಪದಾರ್ಥ ಸಿಕ್ಕಿತಲ್ಲೋ." ಅವನು ನಗಲಿಲ್ಲ.

ಆ ವಾರದಿಂದ ಬೆಳಿಗ್ಗೆ ಡಬ್ಬಿಯ ಮುಚ್ಚಳದಲ್ಲಿ ಒಂದು ಬಿಳಿ ಮಾತ್ರೆ ಮುರಿದು ತರತೊಡಗಿದ. "ಸುಣ್ಣದ ಮಾತ್ರೆ ಅಕ್ಕ, ಮೂಳೆಗೆ. ಆರಿಸ್ಕೋ." ನಡುಗುವ ಕೈಯಲ್ಲಿ ಮುರಿದದ್ದು ಸಮನಾಗಿ ಎಲ್ಲಿಂದ ಬರಬೇಕು? ಒಂದು ಚೂರು ದೊಡ್ಡದು, ಒಂದು ಚಿಕ್ಕದು. ನಾನು ಎಂದಿನಂತೆ ದೊಡ್ಡದನ್ನು ಬಾಯಿಗೆ ಹಾಕಿಕೊಂಡೆ. ಬೇರೆ ಯಾರಾದರೂ ಅರ್ಧ ಮಾತ್ರೆ ತಂದರೆ ಯಾಕೆ ಎಂದು ಕೇಳುತ್ತಿದ್ದೆ. ಇವನನ್ನು ಕೇಳುವುದೇನು? "ನಿನ್ನ ಆಸ್ಪತ್ರೆಯದೋ?" ಎಂದರೆ, "ಆಗಲೇ ಆಯ್ತು" ಎನ್ನುತ್ತಿದ್ದ.

ಬರುಬರುತ್ತ ನನ್ನ ಕೈ ನಿಂತಿತು. ದಾರ ಸೂಜಿಯೊಳಗೆ ಹೋಯಿತು. ರಂಗೋಲಿಯ ಗೆರೆ ನೆಟ್ಟಗೆ ಬಂತು. ಸುಣ್ಣ ಕೈಗೂ ಒಳ್ಳೆಯದು ಎಂದುಕೊಂಡೆ. ಅವನ ಕೈ ಮಾತ್ರ ಹಾಗೇ ಕುಣಿಯುತ್ತಿತ್ತು.

"ನಿನ್ಗೆ ಕೊಟ್ಟಿರೋದು ಬರೀ ಹಿಟ್ಟು ಕಣೋ. ನನ್ನ ಸುಣ್ಣವೇ ವಾಸಿ."

"ಹೌದಕ್ಕ," ಎಂದ. ಬಾಯ್ತುಂಬ ನಕ್ಕ. ಹಾಗೆ ನಕ್ಕು ಬಹಳ ದಿನವಾಗಿತ್ತು.

ಹೋದ ತಿಂಗಳು ತಪಾಸಣೆಗೆ ಜೊತೆಯಲ್ಲಿ ಹೋಗಿದ್ದೆ. ನರ್ಸು ಮಾತ್ರೆಯ ಹಾಳೆ ಮುಂದಿಟ್ಟು, ಇವತ್ತಿನದನ್ನು ಇಲ್ಲೇ ನಮ್ಮೆದುರು ನುಂಗಿ, ಆಮೇಲೆ ರಕ್ತ ತೆಗೆಯುತ್ತೇವೆ ಎಂದಳು. ಡಾಕ್ಟರಮ್ಮ ಅಲ್ಲೇ ಕೂತಿದ್ದಳು. ನನ್ನ ತಮ್ಮ ಮಾತ್ರೆ ಬಿಡಿಸಿದ. ಎರಡು ಹೆಬ್ಬೆರಳ ಉಗುರಿಟ್ಟು ಮುರಿದ. ಅಂಗೈ ನನ್ನ ಕಡೆ ಚಾಚಿದ.

ನಾನೇನು ಮಾಡಿದೆ? ದೊಡ್ಡ ತುಂಡನ್ನು ಎತ್ತಿಕೊಂಡೆ.

"ಅಯ್ಯೋ ಪಾಟ್ಟಿ, ಅದು ನಿಮ್ದಲ್ಲ" ಎಂದು ನರ್ಸು ನನ್ನ ಮುಷ್ಟಿ ಬಿಡಿಸಿದಳು. ಸುಣ್ಣ ಯಾವುದು ಎಂದು ನನಗೆ ಆಗ ತಿಳಿಯಿತು.

ಡಾಕ್ಟರಮ್ಮ ಬೈದಳು. ಬೈಯಬೇಕಾದದ್ದೇ. ನಿಮ್ಮಕ್ಕನ ಕಿಡ್ನಿಗೆ ಏನಾದರೂ ಆಗಿದ್ದರೆ ಯಾರು ಹೊಣೆ, ಅರ್ಧ ನುಂಗಿದವರ ಲೆಕ್ಕ ನಂಬಿ ನಾಳೆ ಊರಿಗೆಲ್ಲ ಔಷಧ ಕೊಡಲು ಆಗುತ್ತದೆಯೇ ಎಂದಳು. ನನ್ನ ರಕ್ತ ಪರೀಕ್ಷಿಸಿದರು. ಏನೂ ಕೆಟ್ಟಿರಲಿಲ್ಲ. ನೀರು ಬಗ್ಗಿಸಿ ಎಂದರು. ಒಂದು ಹನಿ ಚೆಲ್ಲಲಿಲ್ಲ.

"ನೋಡಿ, ಅಕ್ಕನ ಕೈ ನಿಂತಿದೆ. ಅದನ್ನೇ ಬರ್ಕೊಳ್ಳಿ," ಎಂದ ನನ್ನ ತಮ್ಮ.

"ಅದು ಲೆಕ್ಕಕ್ಕೆ ಬರಲ್ಲ ಸಾರ್," ಎಂದಳು ಡಾಕ್ಟರಮ್ಮ. ದನಿ ಇಳಿದಿತ್ತು. "ನೀವು ಇನ್ಮೇಲೆ ಬರೋದು ಬೇಡ."

ಅವನಿಗೆ ಸಿಕ್ಕಿದ್ದು ನಿಜವಾದ ಮಾತ್ರೆಯೋ ಹಿಟ್ಟೋ ಎಂದು ಅವರು ಹೇಳಲಿಲ್ಲ. ಅವರಿಗೇ ಗೊತ್ತಿಲ್ಲವಲ್ಲ. ಔಷಧವೆಂದು ನಂಬಿದವರಿಗೆ ಹಿಟ್ಟಿನಿಂದಲೂ ಗುಣವಾಗುವುದುಂಟು ಎಂದಳು ಡಾಕ್ಟರಮ್ಮ. ನಾನು ಏನನ್ನು ನಂಬಿದ್ದೆ? ಸುಣ್ಣ ಎಂದುಕೊಂಡಿದ್ದೆ. ಹಾಗಾದರೆ ಅದು ನಿಜವಾದದ್ದೇ. ಇಡಿಯಾಗಿ ನುಂಗಿದ್ದರೆ ಈ ಹೊತ್ತು ಅವನು ಹೋಟೆಲಿನಲ್ಲಿ ಕೂತು ಯಾರಿಗೋ ಕಾಫಿ ಬಗ್ಗಿಸುತ್ತಿದ್ದ. ಹೋಗಲಿ, ದೊಡ್ಡ ತುಂಡಾದರೂ ಅವನ ಹೊಟ್ಟೆಗೆ ಹೋಗಬಾರದಿತ್ತೆ?

ಆಟೋದಲ್ಲಿ ಕೇಳಿದೆ. "ಒಬ್ಬನೇ ನುಂಗಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?"

"ಮೊದಲ ದಿನ ಹಾಗೇ ಬಾಯಿಗೆ ಹಾಕ್ಕೊಂಡೆ ಅಕ್ಕ. ಗಂಟಲಲ್ಲಿ ಇಳೀಲಿಲ್ಲ."

"ನೀರು ಕುಡೀಬೇಕಿತ್ತು."

"ಕುಡಿದೆ."

ಮಾರನೆಯ ದಿನ ಬೆಳಿಗ್ಗೆ ಒಂದು ಲೋಟ ಕಾಫಿ ಬೆರೆಸಿ, ಅವನೆದುರೇ ಎರಡು ಲೋಟಕ್ಕೆ ಬಗ್ಗಿಸಿದೆ, ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ. ಭಾಗ ಮಾಡಿದವಳು ನಾನು, ಆದ್ದರಿಂದ ಆರಿಸುವ ಸರದಿ ಅವನದು. ಅವನ ಕೈ ನಡುಗುತ್ತ ಕಡಿಮೆ ಇದ್ದದ್ದರ ಕಡೆ ಹೋಯಿತು. ನಾನು ಅದನ್ನು ಎತ್ತಿ ಸಿಂಕಿಗೆ ಸುರಿದೆ. ಉಳಿದದ್ದನ್ನು, ನನ್ನ ಕೈ ಇನ್ನೂ ಗಟ್ಟಿಯಾಗಿರುವಾಗಲೇ, ಅವನ ತುಟಿಗೆ ಹಿಡಿದು, ತಳ ಕಾಣುವವರೆಗೆ ಕುಡಿಸಿದೆ.