ರಸ್ತೆಯ ಆ ಕಡೆ ನಗರ, ಈ ಕಡೆ ಗ್ರಾಮಾಂತರ

ಆಫೀಸಿನಲ್ಲಿ ಕೂತವರು ನಕ್ಷೆಯ ಮೇಲೆ ಒಂದು ಗೆರೆ ಎಳೆದರೆ ಸಾಕು, ನೆಲದ ಮೇಲೆ ನಡೆಯುವವರು ಎಡವುತ್ತಲೇ ಇರುತ್ತಾರೆ. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ವಿಜಯನಗರದ ಅಂಚಿನ ಒಂದು ಕಾಲೇಜಿನಲ್ಲಿ ನಾನು ಗುಮಾಸ್ತನಾಗಿದ್ದೆ. ಹಳ್ಳಿ ಶಾಲೆಯಲ್ಲಿ ಕಬಡ್ಡಿ ಆಡಿದ್ದೆನೆಂದು ಬಾಯಿತಪ್ಪಿ ಹೇಳಿದ್ದಕ್ಕೆ ಕಬಡ್ಡಿ ತಂಡದ ಮ್ಯಾನೇಜರಿಕೆಯನ್ನೂ ನನ್ನ ಹೆಗಲಿಗೆ ಹಾಕಿದ್ದರು.

ರಸ್ತೆಯ ಆ ಬದಿಗೆ ಇನ್ನೊಂದು ಕಾಲೇಜು. ನಮ್ಮ ಗೇಟಿನಲ್ಲಿ ಸೀನಿದರೆ ಅವರ ಗೇಟಿನಲ್ಲಿ ‘ಚಿರಂಜೀವಿ’ ಅನ್ನುವಷ್ಟು ಹತ್ತಿರ. ಪ್ರತಿ ವರ್ಷ ಅಂತರ ಕಾಲೇಜು ಪಂದ್ಯದ ಮೊದಲ ಸುತ್ತಿನಲ್ಲೇ ಅವರ ಕೈಲಿ ಸೋತು ಮಧ್ಯಾಹ್ನದ ಊಟಕ್ಕೆ ಮನೆ ಸೇರುವುದು ನಮ್ಮ ಸಂಪ್ರದಾಯ. ನಮ್ಮ ಆಟದ ಮೇಷ್ಟ್ರು ಆ ವರ್ಷ ನಿವೃತ್ತರಾಗುವವರು. “ಹೋಗೋ ಮುಂಚೆ ಒಂದು ಸಲ ಆ ಷೀಲ್ಡು ನಮ್ಮ ಮೇಜಿನ ಮೇಲೆ ನೋಡ್ಬೇಕು ಕಣ್ರೀ” ಎನ್ನುತ್ತಿದ್ದರು. ಮೇಜಿನ ಆ ಜಾಗದಲ್ಲಿ ಫೈಲು ಇಡಲೂ ಯಾರಿಗೂ ಬಿಡುತ್ತಿರಲಿಲ್ಲ.

೧. ಎಮ್ಮೆಯ ಸಾಕ್ಷಿ

ಆ ವರ್ಷವೇ ವಿಶ್ವವಿದ್ಯಾಲಯದವರು ಆಟೋಟದ ವಲಯಗಳನ್ನು ಹೊಸದಾಗಿ ಹಂಚಿದರು. ಗೆರೆ ನಮ್ಮ ರಸ್ತೆಯ ನಟ್ಟನಡುವೆ ಬಂತು. ಎದುರು ಕಾಲೇಜು ನಗರ ವಲಯ, ನಾವು ಗ್ರಾಮಾಂತರ. ಪ್ರಿನ್ಸಿಪಾಲರಿಗೆ ಅವಮಾನವಾಯಿತು. “ಹೋಗಿ ಸರಿಮಾಡಿಸ್ಕೊಂಡು ಬನ್ನಿ” ಎಂದು ನನ್ನನ್ನು ಕಳಿಸಿದರು.

ವಿಶ್ವವಿದ್ಯಾಲಯದ ಅಧಿಕಾರಿ ಸಾವಧಾನವಾಗಿಯೇ ಕೇಳಿದರು: “ಕಾಲೇಜಿನ ಹಿಂದೆ ಏನಿದೆ?”

ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. “ರಾಗಿ ಹೊಲ ಸಾರ್.”

“ಪಕ್ಕದಲ್ಲಿ?”

“ನೀರಿನ ಕುಂಟೆ.”

“ಎಮ್ಮೆಗಿಮ್ಮೆ ಒಳಗೆ ಬರ್ತವಾ?”

“ಗೇಟು ಹಾಕಿದ್ರೆ ಬರಲ್ಲ ಸಾರ್.”

“ಗೇಟು ಹಾಕ್ತೀರಾ?”

“ಗೇಟಿಗೆ ಅದೇ ಎಮ್ಮೆ ಕಟ್ಟಿರ್ತಾರೆ ಸಾರ್, ಹಾಕಕ್ಕಾಗಲ್ಲ.”

ಅವರು ಪೆನ್ನಿನ ಮುಚ್ಚಳ ಹಾಕಿ ಕೈ ಮುಗಿದರು. ನಾವು ಖಾಯಂ ಗ್ರಾಮಾಂತರವಾದೆವು.

ಪ್ರಿನ್ಸಿಪಾಲರು ನನ್ನ ಮುಖ ನೋಡಲಿಲ್ಲ. ಆಟದ ಮೇಷ್ಟ್ರು ಮಾತ್ರ ನನ್ನನ್ನು ಮೂಲೆಗೆ ಕರೆದು, “ಒಳ್ಳೇ ಕೆಲಸ ಮಾಡಿದ್ರಿ ಸ್ವಾಮಿ! ಇನ್ನು ಎದುರು ಕಾಲೇಜಿನೋರು ಸಿಗೋದು ಫೈನಲ್ಲಿನಲ್ಲೇ. ಅಲ್ಲೀವರೆಗೂ ಬದುಕಿರ್ತೀವಿ” ಎಂದರು.

೨. ಮುದ್ದೆ ಹಿಡಿದ ಕಾಲು

ಮೊದಲ ಪಂದ್ಯ ಮಾಗಡಿ ರಸ್ತೆಯ ಆಚೆಯ ಒಂದು ಕಾಲೇಜಿನಲ್ಲಿ. ಬಸ್ಸಿಳಿಯುತ್ತಲೇ ಎಲೆ ಹಾಕಿದರು. ಹುಡುಗರ ತಲೆಯಷ್ಟು ದಪ್ಪ ಮುದ್ದೆ, ಅವರೆಕಾಳಿನ ಸಾರು. ಬೇಡವೆಂದರೆ ಅವರ ಮ್ಯಾನೇಜರು, “ಸಿಟಿಯೋರಿಗೆ ನಮ್ಮೂಟ ಸೇರಲ್ಲ ಬಿಡಿ” ಎಂದು ಮುಖ ಸಣ್ಣದು ಮಾಡುತ್ತಿದ್ದರು. ಅನ್ನ ಹಾಕುವವರ ಮನಸ್ಸು ನೋಯಿಸಬಾರದೆಂದು ನಾನೇ ಹುಡುಗರಿಗೆ, “ತಿನ್ರಪ್ಪಾ, ಇನ್ನೊಂದು ಹಾಕಿಸ್ಕೊಳ್ಳಿ” ಎಂದೆ.

ಆಟ ಶುರುವಾದಾಗ ನಮ್ಮ ಹುಡುಗರು ಬಗ್ಗಿದರೆ ಏಳಲಾರರು, ಎದ್ದರೆ ಬಗ್ಗಲಾರರು. ಆದರೂ ಗೆದ್ದೆವು. ಹೇಗೆಂದರೆ, ಒಳಗೆ ಬಂದ ಅವರ ಆಟಗಾರನ ಮೇಲೆ ನಮ್ಮವರು ಬಿದ್ದರೆ ಏಳುತ್ತಲೇ ಇರಲಿಲ್ಲ. ಅವರ ಮ್ಯಾನೇಜರು ಅಡುಗೆಯವರ ಕಡೆ ತಿರುಗಿ ಗದರಿದರು: “ಅಷ್ಟು ದಪ್ಪ ಕಟ್ಟು ಅಂತ ಹೇಳಿದ್ಯಾವನೋ!”

೩. ಹೊಲದ ಪ್ರಶ್ನೆ

ಇನ್ನೊಂದು ಊರಿನಲ್ಲಿ ಎದುರಾಳಿ ಮ್ಯಾನೇಜರು ತಕರಾರೆತ್ತಿದರು. “ಅಂಪೈರ್ ಸಾರ್, ಇವರು ಸಿಟಿಯೋರು. ಕ್ರಾಪು ನೋಡಿ! ಗ್ರಾಮಾಂತರದಲ್ಲಿ ಹೆಂಗೆ ಆಡ್ತಾರೆ?”

ಅಂಪೈರು ನಮ್ಮ ಕ್ಯಾಪ್ಟನ್ನನ್ನು ಕರೆದರು. ಕಾಮಾಕ್ಷಿಪಾಳ್ಯದ ಒಕ್ಕಲು ಮನೆಯ ಹುಡುಗ. “ನಿಮಗೆ ಹೊಲ ಇದೆಯೇನಪ್ಪಾ?”

“ಇತ್ತು ಸಾರ್. ಈಗ ಸೈಟು ಮಾಡಿದೀವಿ.”

ತಕರಾರೆತ್ತಿದವರು ಒಂದು ಹೆಜ್ಜೆ ಮುಂದೆ ಬಂದರು. “ಸೈಟಾ? ಮೂಲೆ ಸೈಟೇನಾದ್ರೂ ಉಳಿದಿದೆಯಾ ಮಗಾ?”

ತಕರಾರು ಅಲ್ಲಿಗೆ ಮುಗಿಯಿತು. ಆಟ ಮಾತ್ರ ಅರ್ಧ ಗಂಟೆ ತಡವಾಗಿ ಶುರುವಾಯಿತು. ಅಂಪೈರಿಗೆ ಪೂರ್ವ ದಿಕ್ಕಿಗೆ ಬಾಗಿಲು ಬರುವ ಸೈಟೇ ಬೇಕಿತ್ತಂತೆ.

೪. ಒಂದೇ ತಟ್ಟೆ

ಕೊನೆಗೆ ನಮ್ಮ ವಲಯ ನಾವು ಗೆದ್ದೆವು. ನಗರ ವಲಯ ಎದುರು ಕಾಲೇಜಿನವರದು. ಫೈನಲ್ಲು ಎರಡು ವಲಯಕ್ಕೂ ಸೇರದ ಜಾಗದಲ್ಲಿ ಆಗಬೇಕೆಂದು ನಿಯಮ. ಹೀಗಾಗಿ ಎದುರುಬದುರು ಗೇಟಿನವರು ಒಂದೇ ಬಸ್ಸು ಹತ್ತಿ, ಮೈಸೂರು ರಸ್ತೆಯಲ್ಲಿ ಎರಡು ಗಂಟೆ ಪ್ರಯಾಣ ಮಾಡಿ ಕಬಡ್ಡಿ ಆಡುವುದೆಂದಾಯಿತು.

ಹೊರಡುವ ಬೆಳಿಗ್ಗೆ ಮೇಷ್ಟ್ರು ನನ್ನ ಕೈಗೆ ತೆಂಗಿನಕಾಯಿ ಕೊಟ್ಟು, “ಗಣಪತಿಗೆ ಅರ್ಚನೆ ಮಾಡಿಸಿ ಬನ್ನಿ. ಇದೇ ನನ್ನ ಕಡೇ ಪಂದ್ಯ” ಎಂದರು. ರಸ್ತೆಯಲ್ಲಿ ಎದುರು ಕಾಲೇಜಿನ ಆಟದ ಮೇಷ್ಟ್ರು ಸಿಕ್ಕರು. ನಮ್ಮ ಮೇಷ್ಟ್ರಿಗಿಂತ ಚಿಕ್ಕವರು. “ಗುಡಿಗಾ ಸಾರ್? ನಮ್ಮದೂ ಒಂದು ಕಾಯಿ ಇಟ್ಕೊಳ್ಳಿ” ಎಂದರು. ದೇವರ ಕೆಲಸಕ್ಕೆ ಆಗುವುದಿಲ್ಲವೆನ್ನಲು ನನ್ನ ನಾಲಿಗೆ ಏಳಲಿಲ್ಲ. ಅರ್ಚಕರು ಕೇಳಿದರು: “ಸಂಕಲ್ಪ ಯಾರ ಜಯಕ್ಕೆ?” ತಟ್ಟೆಯಲ್ಲಿ ಎರಡು ಕಾಯಿ. ಒಬ್ಬರ ಕಾಯಿಯ ಎದುರಿಗೆ ಇನ್ನೊಬ್ಬರ ಹೆಸರು ಹೇಳುವುದು ಹೇಗೆ? “ಇಬ್ಬರದೂ ಆಗ್ಲಿ ಸ್ವಾಮಿ” ಎಂದುಬಿಟ್ಟೆ.

ಫೈನಲ್ಲಿಗೆ ಆ ಊರಿನ ಬಸ್ ಸ್ಟ್ಯಾಂಡಿನ ಪಕ್ಕದ ಮೈದಾನ. ಸಂಜೆಯ ಆಟ, ಕೊನೆಯವರೆಗೂ ಅಂಕ ಸಮ ಸಮ. ಕಡೆಯ ಸರದಿಯಲ್ಲಿ ನಮ್ಮ ಕ್ಯಾಪ್ಟನ್ ಅವರಲ್ಲೊಬ್ಬನನ್ನು ಮುಟ್ಟಿದ. ಅವರು ಅವನ ಕಾಲು ಹಿಡಿದರು. ಬೆರಳು ಗೆರೆಗೆ ಇನ್ನು ಒಂದೇ ಗೇಣು. ಪೀಪಿ ಕೂಗಿತು! ಅವರು ಕಾಲು ಬಿಟ್ಟರು, ಇವನು ಉಸಿರು ಬಿಟ್ಟ.

“ನಾನು ಊದೇ ಇಲ್ವಲ್ರೋ!” ಎಂದರು ಅಂಪೈರು.

ಊದಿದ್ದು ಬಸ್ಸಿನ ಕಂಡಕ್ಟರು. “ಬೆಂಗಳೂರಿಗೆ ಇದೇ ಕಡೇ ಬಸ್ಸು! ಬರೋರು ಬನ್ನಿ!”

ಎರಡು ತಂಡ, ಇಬ್ಬರು ಮೇಷ್ಟ್ರು, ಷೀಲ್ಡು ಹಿಡಿದ ಅಂಪೈರು, ಎಲ್ಲರೂ ಓಡಿದೆವು. ಬಸ್ಸಿನಲ್ಲೇ ತೀರ್ಪಾಯಿತು: ಇಬ್ಬರೂ ಗೆದ್ದಂತೆ, ಷೀಲ್ಡು ಆರಾರು ತಿಂಗಳು. ಮೊದಲು ಯಾರಿಗೆ ಎಂಬ ಮಾತು ಬಂದಾಗ ಎದುರು ಕಾಲೇಜಿನ ಮೇಷ್ಟ್ರು ಅದನ್ನೆತ್ತಿ ನಮ್ಮ ಮೇಷ್ಟ್ರ ತೊಡೆಯ ಮೇಲಿಟ್ಟರು. “ನನಗಿನ್ನೂ ಹತ್ತು ವರ್ಷ ಸರ್ವೀಸಿದೆ. ನೀವು ಇಟ್ಕೊಳ್ಳಿ ಸಾರ್.” ನಮ್ಮವರು ಧೂಳೆಂದು ಹೇಳಿ ಕಣ್ಣೊರೆಸಿಕೊಂಡರು.

ಕೆಂಗೇರಿ ಹತ್ತಿರ ಬಂದಾಗ ನಮ್ಮ ಮೇಷ್ಟ್ರು ನನ್ನ ಕಿವಿಯಲ್ಲಿ ಕೇಳಿದರು: “ಅಲ್ಲ ಸ್ವಾಮಿ, ಇಷ್ಟು ಸರಿಸಮ ಹೆಂಗಾಯ್ತು? ಅರ್ಚನೆ ಏನಂತ ಮಾಡಿಸಿದ್ರಿ?”

ಇದ್ದದ್ದನ್ನು ಹೇಳಿದೆ. ಅವರು ಷೀಲ್ಡನ್ನು ಸವರುತ್ತ ಮೆಲ್ಲಗೆ ಅಂದರು:

“ನಾನು ರಿಟೈರಾಗೋ ದಿನಾನೂ ನೀವು ಅರ್ಚನೆ ಮಾಡಿಸ್ತೀರಿ, ನನಗೊತ್ತು. ಅವತ್ತು ಮಾತ್ರ ತಟ್ಟೇಲಿ ನನ್ನ ಕಾಯಿ ಒಂದೇ ಇರ್ಲಿ. ಇಲ್ದಿದ್ರೆ ಆ ಮೇಷ್ಟ್ರೂ ರಿಟೈರಾಗ್ಬಿಡ್ತಾರೆ. ಪಾಪ, ಇನ್ನೂ ಹತ್ತು ವರ್ಷ ಸರ್ವೀಸಿದೆ.”