ನಮ್ಮೂರಿಗೆ ಬಂದ ನಾಲ್ಕು ದಿನದ ಪಂದ್ಯ

ನಾವು ಮಂಗಳೂರಿನವರು ಯಾವ ಕೆಲಸಕ್ಕೆ ಕೈ ಹಾಕಿದರೂ ಅದು ಮುಗಿಯುವಷ್ಟರಲ್ಲಿ ನಗುವುದಕ್ಕೆ ಏನಾದರೊಂದು ಆಗಿಯೇ ಆಗುತ್ತದೆ. ಯಾಕೆ ಹೀಗೆ ಎಂದು ನಾನು ಬಹಳ ಯೋಚಿಸಿದ್ದೇನೆ, ಉತ್ತರ ಸಿಕ್ಕಿಲ್ಲ. ದೇರೆಬೈಲಿನಲ್ಲಿ ನನ್ನದೊಂದು ಟಯರ್ ಅಂಗಡಿ ಉಂಟು. ಅದು ಹೊಟ್ಟೆಪಾಡು. ಹುಚ್ಚು ಮಾತ್ರ ಕ್ರಿಕೆಟ್ಟಿನದು. ಊರಿನ ಅಂಡರ್ ಆರ್ಮ್ ಟೂರ್ನಮೆಂಟುಗಳಿಗೆ ಓಡಾಡಿ ಓಡಾಡಿ, ಕೊನೆಗೆ ನನ್ನನ್ನು ಕ್ರಿಕೆಟ್ ಸಮಿತಿಯ ಕಾರ್ಯದರ್ಶಿ ಮಾಡಿಬಿಟ್ಟರು. ಎರಡು ರಾಜ್ಯಗಳ ನಡುವಿನ ನಾಲ್ಕು ದಿನದ ಪಂದ್ಯವೊಂದು ನಮ್ಮ ಮೈದಾನಕ್ಕೆ ಬಂದಾಗ ನಡೆದ ಕೆಲವು ಸಂಗತಿಗಳು ಇವು.

ಬಿಳಿ ಪರದೆ

ಇದೆಲ್ಲ ಶುರುವಾದದ್ದು ಬಂದರಿನ ಹಾಜಿಯವರಿಂದ. ಅವರದು ಒಣಮೆಣಸಿನ ಸಗಟು ವ್ಯಾಪಾರ. ನಮ್ಮ ಸಮಿತಿಗೆ ಅವರೇ ಅಧ್ಯಕ್ಷರು. ಒಂದು ದಿನ ಗೋದಾಮಿನಲ್ಲಿ ಚಾ ಕುಡಿಯುತ್ತಾ, ಮೆಣಸಿನ ಘಾಟಿಗೆ ಸೀನುತ್ತಾ ನಾನು ಹೇಳಿದೆ, "ಆಸ್ಟ್ರೇಲಿಯದಲ್ಲಿ ದೊಡ್ಡ ಪಂದ್ಯಗಳನ್ನು ಸಣ್ಣ ಸಣ್ಣ ಊರುಗಳಿಗೂ ತೆಗೆದುಕೊಂಡು ಹೋಗ್ತಾರಂತೆ ಹಾಜಿಯವರೆ. ಅಲ್ಲಿಯ ಮಕ್ಕಳು ಮನೆ ಹತ್ತಿರವೇ ದೊಡ್ಡ ಆಟಗಾರರನ್ನು ನೋಡ್ತಾರೆ."

"ಆಸ್ಟ್ರೇಲಿಯದವರಿಗೆ ಆಗ್ತದೆ, ನಮಗೆ ಎಂತ ಆಗುವುದಿಲ್ಲವಾ?" ಎಂದು ಹಾಜಿಯವರು ಎದ್ದೇ ಬಿಟ್ಟರು.

ನಾನು ಹುಡುಗನಾಗಿದ್ದಾಗ ಕೆಂಪು ಚೆಂಡಿನ ಒಂದು ಪಂದ್ಯ ನೋಡಬೇಕೆಂದರೆ ಘಟ್ಟ ಹತ್ತಿ ಬೆಂಗಳೂರಿಗೇ ಹೋಗಬೇಕಿತ್ತು. ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಹೋಗಿ ನೋಡಿದ್ದೇನೆ. ಅಂಥ ಪಂದ್ಯ ನನ್ನ ಊರಿನಲ್ಲಿ ನಡೆಯಬೇಕು, ಒಂದು ಸಲವಲ್ಲ, ವರ್ಷ ವರ್ಷವೂ ನಡೆಯಬೇಕು ಎಂಬುದು ನನ್ನ ಬಹಳ ಹಳೆಯ ಆಸೆ.

ಹಾಜಿಯವರ ಓಡಾಟದಿಂದ ಕೊನೆಗೂ ಬೆಂಗಳೂರಿನಿಂದ ಮ್ಯಾಚ್ ರೆಫ್ರಿ ಮೈದಾನ ನೋಡಲು ಬಂದರು. ಗಂಭೀರ ಮನುಷ್ಯ, ಸೆಕೆಯಲ್ಲೂ ಟೈ ಕಟ್ಟಿದ್ದರು. ಪಿಚ್ಚು ನೋಡಿದರು, ಹುಲ್ಲು ನೋಡಿದರು. ಆಮೇಲೆ ಕೇಳಿದರು, "ಸೈಟ್ ಸ್ಕ್ರೀನ್ ಎಲ್ರೀ?"

ಬೌಲರ್‌ನ ಹಿಂದೆ ಇರಬೇಕಾದ ದೊಡ್ಡ ಬಿಳಿ ಪರದೆ ಅದು. ನಮ್ಮಲ್ಲಿ ಇರಲಿಲ್ಲ. ಆದರೆ ಇಲ್ಲ ಎನ್ನುವ ಅಭ್ಯಾಸ ಹಾಜಿಯವರಿಗಿಲ್ಲ. ಶಾಮಿಯಾನದವರಿಗೆ ಮೊದಲೇ ಫೋನ್ ಮಾಡಿ ಮದುವೆ ಸ್ಟೇಜಿನ ಹಿಂದೆ ಕಟ್ಟುವ ಬಿಳಿ ಪರದೆ ತರಿಸಿದ್ದರು. ಅದನ್ನು ಬಿಡಿಸಿ ಕಟ್ಟಿ ನೋಡಿದರೆ, ನಟ್ಟ ನಡುವೆ ಮಿನುಗುವ ಅಕ್ಷರಗಳಲ್ಲಿ 'ಶುಭವಿವಾಹ' ಎಂದು ಉಂಟು.

ರೆಫ್ರಿ ಕನ್ನಡಕ ತೆಗೆದು ಒರೆಸಿಕೊಂಡರು. "ಏನ್ರೀ ಇದು? ಬ್ಯಾಟ್ಸ್‌ಮನ್ ಕಣ್ಣೆದುರಿಗೆ ಏನೂ ಇರಬಾರದು."

"ತೆಗೆಸ್ತೇವೆ ಸಾರ್," ಎಂದರು ಹಾಜಿಯವರು. "ಆದರೆ ಹೆಚ್ಚಿನವರು ಮದುವೆ ಆಗದ ಹುಡುಗರಲ್ವಾ? ಇದು ಕಂಡರೆ ಸ್ವಲ್ಪ ಉತ್ಸಾಹ ಬರ್ತಿತ್ತು."

ಹೊರಡುವಾಗ ರೆಫ್ರಿ ಕಡ್ಡಿ ಮುರಿದ ಹಾಗೆ ಹೇಳಿದರು. "ನಿಮ್ಮ ಊರಿಗೆ ಪಂದ್ಯ ಕೊಟ್ಟರೆ ಮಳೆ ಆಡುತ್ತೆ, ಆಟಗಾರರು ಕೂತು ನೋಡ್ತಾರೆ ಅಂತ ಅಲ್ಲಿ ಎಲ್ಲರೂ ನಗ್ತಾರೆ. ಒಂದು ಪಂದ್ಯ ಕೊಡಿಸ್ತೀನಿ. ನಾಲ್ಕು ದಿನ ಸರಿಯಾಗಿ ನಡೆದರೆ ಮುಂದೆಯೂ ಕೊಡಿ ಅಂತ ನಾನೇ ಹೇಳ್ತೀನಿ. ಇಲ್ಲದಿದ್ದರೆ ಇದೇ ಕೊನೆ."

ಆ ಮಾತು ಕೇಳಿದಲ್ಲಿಂದ ನನಗೆ ಸರಿಯಾಗಿ ಅನ್ನ ಇಳಿಯಲಿಲ್ಲ.

ಮೈಕಿನ ಮುಂದೆ

ನಮ್ಮ ಅಂಡರ್ ಆರ್ಮ್ ಟೂರ್ನಮೆಂಟುಗಳಲ್ಲಿ ಆಟಗಾರನಿಗಿಂತ ವೀಕ್ಷಕ ವಿವರಣೆಯವನೇ ದೊಡ್ಡ ಜನ. ಚೆಂಡು ಕೈಬಿಡುವ ಮೊದಲೇ ಅವನು ಬಾಯಿ ಬಿಟ್ಟಿರುತ್ತಾನೆ. ಬೌಲರ್‌ನ ಮನೆಯವರ ಕ್ಷೇಮ ಸಮಾಚಾರ, ಬ್ಯಾಟ್ಸ್‌ಮನ್‌ನ ಮಾವ ದುಬೈಯಿಂದ ಬಂದದ್ದು, ಎಲ್ಲವೂ ಆ ವಿವರಣೆಯಲ್ಲಿ ಬರುತ್ತದೆ. ನಮ್ಮ ಊರಿನಲ್ಲೇ ಹೆಸರು ಮಾಡಿದ ಒಬ್ಬನನ್ನು ನಾವು ಈ ಪಂದ್ಯಕ್ಕೂ ಮೈಕಿನ ಮುಂದೆ ಕೂರಿಸಿದೆವು.

ಮೊದಲ ಓವರಿಗೇ ರೆಫ್ರಿಯ ಆಳು ಓಡಿ ಬಂದ. ಚೆಂಡು ಚೆಂಡಿಗೂ ಮಾತಾಡಬಾರದಂತೆ. ಓವರ್ ಮುಗಿದ ಮೇಲೆ ಏನಾಯಿತೋ ಅಷ್ಟನ್ನೇ ಹೇಳಬೇಕಂತೆ.

ನಮ್ಮವನು ಬಾಯಿಗೆ ಬೀಗ ಹಾಕಿ ಕೂತ. ಆದರೆ ನಾಲ್ಕು ದಿನದ ಆಟದ ಸಂಗತಿಯೇ ಬೇರೆ. ಬೌಲರ್ ಹಾಕುತ್ತಾನೆ, ಬ್ಯಾಟ್ಸ್‌ಮನ್ ಬಿಡುತ್ತಾನೆ. ಮತ್ತೆ ಹಾಕುತ್ತಾನೆ, ಮತ್ತೆ ಬಿಡುತ್ತಾನೆ. ಜನರಿಗೆ ಇದು ಹೊಸತು. ನನ್ನ ಹಿಂದೆ ಕೂತವರೊಬ್ಬರು, "ಇವನಿಗೆ ಬ್ಯಾಟ್ ಕೊಟ್ಟದ್ದು ಎಂತಕ್ಕೆ ಮಾರಾಯ್ರೆ, ಗಾಳಿ ಹಾಕ್ಲಿಕ್ಕಾ?" ಎಂದು ಕೇಳಿದರು. ಒಂದಿಬ್ಬರು ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ನಿಂತದ್ದೂ ಕಂಡಿತು. ಖಾಲಿ ಮೈದಾನ ಕಂಡರೆ ರೆಫ್ರಿ ಏನು ಹೇಳಿಯಾರು?

ಆ ಓವರ್ ಮುಗಿಯಿತು. ಒಂದೂ ರನ್ ಇಲ್ಲ. ಏನಾಯಿತೋ ಅಷ್ಟನ್ನೇ ಹೇಳಬೇಕಾದ ನಮ್ಮವನು ಮೈಕ್ ಹಿಡಿದು ಬಹಳ ವಿನಯದಿಂದ ಹೇಳಿದ:

"ಈ ಓವರಿನಲ್ಲಿ ಎಂತದೂ ಆಗಲಿಲ್ಲ. ಮುಂದಿನದ್ದರಲ್ಲಿ ಆಗುವ ಸಾಧ್ಯತೆ ಉಂಟು. ದಯವಿಟ್ಟು ಯಾರೂ ಮನೆಗೆ ಹೋಗಬೇಡಿ."

ಬೇಯಿಸಿದ ಕೋಳಿ

ಆಟಗಾರರ ಊಟ ಹೇಗಿರಬೇಕೆಂದು ಮೊದಲೇ ಹೇಳಿ ಕಳಿಸಿದ್ದರು. ಎಣ್ಣೆ ಇಲ್ಲ, ಖಾರ ಇಲ್ಲ, ಕೋಳಿಯನ್ನು ನೀರಲ್ಲಿ ಬೇಯಿಸಿ ಉಪ್ಪು ಹಾಕಿ ಕೊಡಬೇಕು.

ನಮ್ಮ ಅಡುಗೆಯವರು ಮದುವೆ ಮನೆಗಳಲ್ಲಿ ಹೆಸರು ಪಡೆದ ಜನ. ಇದನ್ನು ಕೇಳಿ ಸೌಟು ಕೆಳಗಿಟ್ಟರು. "ಆಸ್ಪತ್ರೆಯಿಂದ ಬಂದವರಾ ಇವರು? ನಾನು ಹೀಗೆ ಬೇಯಿಸಿ ಹಾಕಿದ್ದು ಊರಿಗೆ ಗೊತ್ತಾದರೆ ನನಗೆ ಮುಂದೆ ಒಂದು ಮದುವೆಯ ಆರ್ಡರ್ ಬರ್ಲಿಕ್ಕುಂಟಾ?"

ಕೈಕಾಲು ಹಿಡಿದು ಒಪ್ಪಿಸಿದೆ. ಆಟಗಾರರಿಗೆ ಬೇಯಿಸಿದ ಕೋಳಿ, ಹಿಂದುಗಡೆ ನಮ್ಮ ಸ್ವಯಂಸೇವಕರಿಗೆ ಕೋರಿ ರೊಟ್ಟಿ ಎಂದು ರಾಜಿ ಆಯಿತು. ಅಡುಗೆಯವರ ಮರ್ಯಾದೆಯೂ ಉಳಿಯಿತು, ಆಟಗಾರರ ಪಥ್ಯವೂ ಉಳಿಯಿತು ಎಂದುಕೊಂಡೆ.

ಎರಡನೆಯ ದಿನದ ಊಟದ ಹೊತ್ತು. ತೆಂಗಿನಕಾಯಿ ಹಾಲು ಹಾಕಿದ ಕೋಳಿಸಾರು ಕುದಿಯುವ ಪರಿಮಳ ಗೋಡೆಯ ಆಚೆಗೆ ಹೋಯಿತು. ಮೊದಲು ಒಬ್ಬ ವೇಗದ ಬೌಲರ್ ಬಾಗಿಲಲ್ಲಿ ಕಂಡ. ಹಿಂದಿನಿಂದ ವಿಕೆಟ್ ಕೀಪರ್. ನೋಡುನೋಡುತ್ತಿದ್ದ ಹಾಗೆ ಅರ್ಧ ತಂಡವೇ ತಟ್ಟೆ ಹಿಡಿದು ನಮ್ಮ ಸಾಲಿನಲ್ಲಿ ನಿಂತಿತ್ತು. ಗರಿಗರಿ ರೊಟ್ಟಿ ಮುರಿಯುವ ಸದ್ದಿನಲ್ಲಿ ಯಾರಿಗೆ ಯಾರ ಮಾತೂ ಕೇಳಿಸುತ್ತಿರಲಿಲ್ಲ.

ಊಟದ ನಂತರ ಚೆಂಡು ಸ್ಲಿಪ್ಪಿನವರ ಕಾಲ ಬಳಿಯಿಂದ ಹೋದರೂ ಯಾರೂ ಬಗ್ಗಲಿಲ್ಲ. ಬಗ್ಗುವ ಸ್ಥಿತಿಯಲ್ಲಿ ಇರಲಿಲ್ಲ. ಅವರ ಫಿಟ್‌ನೆಸ್ ಟ್ರೇನರ್ ಉರಿದುಬಿದ್ದು ಅಡುಗೆಯ ಕಡೆಗೆ ಬಂದ. "ಇದರಲ್ಲಿ ಎಷ್ಟು ಎಣ್ಣೆ ಹಾಕಿದ್ದೀರಿ?"

"ತಿಂದು ನೋಡಿ ಸಾರ್," ಎಂದರು ಅಡುಗೆಯವರು, ತಟ್ಟೆಗೆ ಬಡಿಸುತ್ತಾ.

ಟ್ರೇನರ್ ಪರೀಕ್ಷೆಗೆಂದು ಒಂದು ರೊಟ್ಟಿ ತಿಂದ. ಸರಿಯಾಗಿ ತಿಳಿಯಲಿಲ್ಲವೆಂದು ಇನ್ನೊಂದು ತಿಂದ. ಆಮೇಲೆ ಸಾರು ಮಾತ್ರ ಬೇರೆಯಾಗಿ ಪರೀಕ್ಷಿಸಿದ. ಚಹಾ ವಿರಾಮದವರೆಗೂ ಅವನ ಪರೀಕ್ಷೆ ನಡೆದೇ ಇತ್ತು.

ಮರುದಿನ ಎರಡೂ ತಂಡಗಳಿಗೆ ಕೋರಿ ರೊಟ್ಟಿಯೇ ಆಗಬೇಕೆಂದು ಹೇಳಿ ಕಳಿಸಿದರು. ಬೇಯಿಸಿದ ಕೋಳಿಯನ್ನು ನಾವು ಸ್ವಯಂಸೇವಕರು ತಿಂದೆವು.

ಶಾಲು

ಹಾಜಿಯವರಿಗೆ ಒಂದೇ ಒಂದು ಕೊರಗು ಇತ್ತು. ರೆಫ್ರಿ ಉದ್ಘಾಟನೆ ಬೇಡ, ಭಾಷಣ ಬೇಡ, ಸನ್ಮಾನ ಬೇಡ ಎಂದುಬಿಟ್ಟಿದ್ದರು. ನಮ್ಮ ಕಡೆ ಸನ್ಮಾನ ಇಲ್ಲದೆ ಒಂದು ಆಟ ಮುಗಿಯುವುದೆಂದರೆ ಏನು? ಟೂರ್ನಮೆಂಟಿನಲ್ಲಿ ಯಾರಾದರೂ ಗಣ್ಯರು ಬಂದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಎಲ್ಲ ಆಗಿ ಫೋಟೋ ತೆಗೆದ ಮೇಲೆ ಬೌಲರ್ ಮತ್ತೆ ಚೆಂಡು ಹಿಡಿಯುತ್ತಾನೆ. ಯಾರಿಗೂ ಬೇಸರವಿಲ್ಲ. ಹಾಜಿಯವರು ಈ ಪಂದ್ಯಕ್ಕೆಂದೇ ಒಳ್ಳೆಯ ಶಾಲುಗಳನ್ನು ಆರಿಸಿ ತಂದಿದ್ದರು. ಅವು ಕಾರಿನ ಡಿಕ್ಕಿಯಲ್ಲೇ ಬಿದ್ದಿದ್ದವು.

ಮೂರನೆಯ ದಿನ ಒಬ್ಬ ಬ್ಯಾಟ್ಸ್‌ಮನ್ ಐವತ್ತು ಹೊಡೆದ. ಜನ ಚಪ್ಪಾಳೆ ತಟ್ಟಿದರು. ಪಕ್ಕಕ್ಕೆ ತಿರುಗಿ ನೋಡುತ್ತೇನೆ, ಹಾಜಿಯವರ ಕುರ್ಚಿ ಖಾಲಿ. ಮೈದಾನ ನೋಡುತ್ತೇನೆ, ಹಾಜಿಯವರು ಪಿಚ್ಚಿನ ಕಡೆಗೆ ನಡೆಯುತ್ತಿದ್ದಾರೆ. ಕೈಯಲ್ಲಿ ಶಾಲು. ಹಿಂದಿನಿಂದ ಹಣ್ಣಿನ ಬುಟ್ಟಿ ಹೊತ್ತುಕೊಂಡು ಮೈದಾನದ ಗೇಟಿನ ಹತ್ತಿರದ ಸೋಡಾ ಅಂಗಡಿಯವನು.

ಅಂಪಾಯರ್ ಎರಡೂ ಕೈ ಚಾಚಿ ತಡೆದರು. "ಸರ್, ಆಟ ನಡೀತಾ ಇದೆ."

"ನಡೆಯಲಿ ಸಾರ್, ನಮ್ಮದೇನೂ ತೊಂದರೆ ಇಲ್ಲ," ಎಂದು ಹಾಜಿಯವರು ಅವರನ್ನು ಬಳಸಿಕೊಂಡು ಹೋಗಿ, ಹೆಲ್ಮೆಟ್ ಹಾಕಿದ ಹುಡುಗನ ಹೆಗಲಿಗೆ ಶಾಲು ಹೊದಿಸಿದರು. ಹುಡುಗ ಒಂದು ಕೈಯಲ್ಲಿ ಬ್ಯಾಟು, ಇನ್ನೊಂದು ಕೈಯಲ್ಲಿ ಅನಾನಸು ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತ.

ಹೇಗೋ ಇಬ್ಬರನ್ನೂ ಹೊರಗೆ ತಂದೆವು. ಮುಂದಿನ ಚೆಂಡಿಗೆ ಆ ಹುಡುಗ ಔಟಾದ.

ಹಾಜಿಯವರ ಮುಖ ಸಣ್ಣದಾಯಿತು. "ನನ್ನ ದೆಸೆಯಿಂದ ಅವನ ಏಕಾಗ್ರತೆ ಹೋಯಿತು ಮಾರಾಯ್ರೆ," ಎಂದು ಮೂಲೆಯಲ್ಲಿ ಕೂತರು. ರೆಫ್ರಿ ಎದ್ದು ಬರುವುದು ಕಂಡಿತು. ಇದು ಇಲ್ಲಿಗೇ ಮುಗಿಯಿತು ಎಂದುಕೊಂಡೆ. ಆದರೆ ಅವರಿಗಿಂತ ಮೊದಲು ಬೌಲಿಂಗ್ ತಂಡದ ಮ್ಯಾನೇಜರ್ ನಮ್ಮ ಬಳಿ ತಲುಪಿ, ಹಾಜಿಯವರ ಕಿವಿಯ ಹತ್ತಿರ ಬಗ್ಗಿ ಕೇಳಿದರು:

"ಸರ್, ಆ ಕಡೆ ಇನ್ನೊಬ್ಬ ಬ್ಯಾಟ್ಸ್‌ಮನ್ ಬಹಳ ಹೊತ್ತಿನಿಂದ ನಿಂತುಬಿಟ್ಟಿದ್ದಾನೆ. ಇನ್ನೊಂದು ಶಾಲು ಇದೆಯಾ?"

ರೆಫ್ರಿಗೆ ಅದು ಕೇಳಿಸಿತು. ಬೈಯಲು ಬಂದವರು ಕೆಮ್ಮು ಬಂದವರಂತೆ ಮುಖ ತಿರುಗಿಸಿಕೊಂಡು ವಾಪಸು ಹೋದರು.

ಪಾಲು

ಕೊನೆಯ ದಿನ ಊಟದ ಹೊತ್ತಿಗೆ ಎಲ್ಲಿತ್ತೋ ಏನೋ, ಕಡಲ ಕಡೆಯಿಂದ ಮಳೆ ಬಂತು. ಹೊಡೆದು ಹೊಡೆದು ನಿಂತಿತು, ಬಿಸಿಲೂ ಬಂತು. ಆದರೆ ಪಿಚ್ಚಿಗೆ ಹೊದಿಸಿದ ದೊಡ್ಡ ಟಾರ್ಪಾಲಿನ ಮೇಲೆ ಕೆರೆಯಷ್ಟು ನೀರು. ಅಡಿಯಲ್ಲಿ ಪಿಚ್ಚು ಒಣಗಿಯೇ ಇತ್ತು. ಆ ನೀರು ಚೆಲ್ಲದ ಹಾಗೆ ಟಾರ್ಪಾಲನ್ನು ಹೊರಗೆ ತರುವುದು ನಮ್ಮ ಕೆಲವೇ ಮಂದಿ ಕೆಲಸದವರಿಂದ ಆಗುವ ಮಾತಲ್ಲ. ಒಂದು ತಂಡಕ್ಕೆ ಗೆಲ್ಲಲು ಇನ್ನು ಎರಡೇ ವಿಕೆಟ್ ಬೇಕಿತ್ತು.

ರೆಫ್ರಿ ಗಡಿಯಾರ ನೋಡಿದರು. "ಬೇಗ ಸರಿಯಾಗದಿದ್ದರೆ ನಾನು ಪಂದ್ಯ ಮುಗಿಸಬೇಕಾಗುತ್ತೆ ರೀ." ಆಮೇಲೆ ನನ್ನ ಮುಖ ನೋಡಿ ಮೆಲ್ಲನೆ ಹೇಳಿದರು, "ನನಗೂ ಬೇಜಾರೇ."

ನನಗೆ ನಿಜವಾಗಿ ಅಳು ಬಂತು. ಅಷ್ಟು ವರ್ಷಗಳ ಆಸೆ ಒಂದು ಟಾರ್ಪಾಲಿನ ಮೇಲೆ ನಿಂತುಬಿಟ್ಟಿತ್ತು.

ಬೆಂಗ್ರೆಯಿಂದ ದಿನಾ ದೋಣಿಯಲ್ಲಿ ಹೊಳೆ ದಾಟಿ ಆಟ ನೋಡಲು ಬರುತ್ತಿದ್ದ ಮೀನುಗಾರರ ಗುಂಪೊಂದಿತ್ತು. ಕೈರಂಪಣಿಯವರು. ಕಡಲ ದಡದಲ್ಲಿ ನಿಂತು, ಎರಡೂ ಬದಿಯ ಹಗ್ಗ ಹಿಡಿದು, ಬಲೆಯನ್ನು ನೀರಿನಿಂದ ದಡಕ್ಕೆ ಎಳೆಯುವ ಜನ. ಅವರ ಹಿರಿಯರೊಬ್ಬರು ಬೇಲಿ ದಾಟಿ ಬಂದು ಕೇಳಿದರು, "ಎಂತ, ಎಳೀಬೇಕಾ?"

ಎಳೆಯಬೇಕು ಎಂದು ನಾನು ಹೇಳುವ ಮೊದಲೇ ಹಗ್ಗ ಕಟ್ಟಿಯಾಗಿತ್ತು. ಪ್ರೇಕ್ಷಕರಲ್ಲಿ ಕೈ ಖಾಲಿ ಇದ್ದವರೆಲ್ಲ ಓಡಿ ಬಂದರು. ಹಾಜಿಯವರು ಪ್ಯಾಂಟು ಮಡಚಿ ನಿಂತರು. ಹಗ್ಗದ ತುದಿ ರೆಫ್ರಿಯ ಕಾಲ ಬಳಿ ಬಿದ್ದಿತ್ತು. "ಎಂತ ನೋಡ್ತಾ ನಿಂತದ್ದು ಸಾರ್, ಹಿಡೀರಿ," ಎಂದರು ಹಿರಿಯರು. ರೆಫ್ರಿ ಆಚೆ ಈಚೆ ನೋಡಿದರು. ಕೊಡೆ ಬಿಟ್ಟರು, ಟೈ ಹೆಗಲ ಮೇಲೆ ಹಾಕಿಕೊಂಡರು, ಹಗ್ಗ ಹಿಡಿದರು. 'ಐಲೇಸಾ' ಎಂಬ ಮೊದಲ ಕೂಗಿಗೆ ಅವರು ಬಾಯಿ ತೆರೆಯಲಿಲ್ಲ. ಮೂರನೆಯ ಕೂಗಿಗೆ ಎಲ್ಲರಿಗಿಂತ ಜೋರಾಗಿ ಅವರದ್ದೇ ಕೇಳಿಸುತ್ತಿತ್ತು.

ನೀರು ಸಮೇತ ಟಾರ್ಪಾಲು ಬೌಂಡರಿಯ ಆಚೆ ಬಂತು. ಎಳೆಯುವವರಿಗೆ ನಿಲ್ಲಿಸುವುದು ಗೊತ್ತಾಗದೆ, ಅದು ಗಣ್ಯರ ಕುರ್ಚಿಗಳವರೆಗೂ ಬಂದು ಅಲ್ಲಿ ಖಾಲಿಯಾಯಿತು. ಮುಂದಿನ ಸಾಲಿನವರ ಬೂಟುಗಳಿಗೆಲ್ಲ ಸ್ನಾನವಾಯಿತು. ಆದರೆ ಆಟ ಮತ್ತೆ ಶುರುವಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ವಿಕೆಟ್ ಬಿತ್ತು. ಗೆದ್ದವರಿಗಿಂತ ಹೆಚ್ಚು ಕುಣಿದವರು ನಾವು.

ಮರುದಿನ ಬೆಳಿಗ್ಗೆ ರೆಫ್ರಿ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಮೈದಾನಕ್ಕೆ ಬಂದರು. ಏನು ಹೇಳುತ್ತಾರೋ ಎಂದು ನಾನು, ಹಾಜಿಯವರು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ನಿಂತೆವು. ಅವರು ಬಾಯಿ ತೆರೆಯುವಷ್ಟರಲ್ಲಿ ಬೆಂಗ್ರೆಯ ಹಿರಿಯರು ಬಂದು ಅವರ ಮುಂದೆ ಒಂದು ಬುಟ್ಟಿ ಇಟ್ಟರು. ಒಳಗೆ ಆಗಷ್ಟೇ ಹಿಡಿದ ಬಂಗುಡೆ ಮೀನು, ಹೊಳೆಯುತ್ತಿತ್ತು.

ರೆಫ್ರಿ ಒಂದು ಹೆಜ್ಜೆ ಹಿಂದೆ ಹೋದರು. "ಅಯ್ಯೋ, ನಾವು ಯಾರ ಹತ್ತಿರವೂ ಉಡುಗೊರೆ ತಗೊಳ್ಳೋ ಹಾಗಿಲ್ಲ. ಮತ್ತೆ ನಾನು ಸಸ್ಯಾಹಾರಿ."

"ಉಡುಗೊರೆ ಅಲ್ಲ ಸಾರ್, ಪಾಲು," ಎಂದರು ಹಿರಿಯರು. "ನಮ್ಮಲ್ಲಿ ಹಗ್ಗ ಹಿಡಿದವನಿಗೆ ಪಾಲು ಉಂಟು. ದಾರಿಯಲ್ಲಿ ಹೋಗುವವನು ಬಂದು ಹಿಡಿದರೂ ಉಂಟು."

"ನಿನ್ನೆ ಎಳೆದದ್ದು ಬರೀ ನೀರಲ್ವೇನ್ರೀ?"

"ನಮಗೂ ಎಷ್ಟೋ ದಿನ ಬರೀ ನೀರೇ ಬರುವುದು. ಎಳೆದದ್ದು ಎಳೆದದ್ದೇ ಅಲ್ವಾ? ಹಾಗಾಗಿ ಇವತ್ತಿನ ಬಲೆಯಲ್ಲಿ ನಿಮ್ಮದನ್ನು ಸೇರಿಸಿ ತಂದದ್ದು."

ರೆಫ್ರಿ ಬುಟ್ಟಿಯನ್ನು ನೋಡಿದರು. ಮೈದಾನವನ್ನು ನೋಡಿದರು. ಹಗ್ಗ ಎಳೆದು ಕೆಂಪಾಗಿದ್ದ ತಮ್ಮ ಅಂಗೈಯನ್ನೂ ಒಮ್ಮೆ ನೋಡಿಕೊಂಡರು. ಆಮೇಲೆ ಹಿರಿಯರಿಗೆ ಕೈ ಮುಗಿದು ಹೇಳಿದರು, "ನನ್ನ ಪಾಲು ನಿಮ್ಮ ಹತ್ತಿರವೇ ಇರಲಿ. ಮುಂದಿನ ವರ್ಷ ಪಂದ್ಯಕ್ಕೆ ಬರ್ತೀನಲ್ಲ, ಆವಾಗ ನೋಡೋಣ."

ಆ ಮಾತು ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹಾಜಿಯವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು, ಅವರ ಕಣ್ಣು ತುಂಬಿತ್ತು, ನನ್ನದೂ ಅಷ್ಟೆ. ಬೆಂಗ್ರೆಯ ಹಿರಿಯರ ಮುಖದಲ್ಲಿ ಮಾತ್ರ ಚಿಂತೆ. ಅವರು ಬುಟ್ಟಿಯೊಳಗೆ ನೋಡಿ, ತಲೆ ಕೆರೆದುಕೊಂಡು ಹೇಳಿದರು:

"ಬಂಗುಡೆ ಅಷ್ಟು ದಿನ ನಿಲ್ಲುವುದಿಲ್ಲ ಸಾರ್. ಆಗುವುದಾದರೆ ಸ್ವಲ್ಪ ಬೇಗ ಬನ್ನಿ."