ನಪಾಸಾದ ಸಮುದ್ರ

ಯಜಮಾನರು: ಅಳಿಸಿಬಿಟ್ಯಾ? ಎಂಬತ್ತೂ?

ಟೀಚರ್: ಎಂಬತ್ತೂ. ಎಪ್ಪತ್ತೊಂಬತ್ತಕ್ಕೆ ನಿಲ್ಲಿಸಿದ್ರೆ ಉಳಿದದ್ದು ಪಾಪ, ಒಂಟಿಯಾಗಿಬಿಡ್ತಿತ್ತು.

ಯಜಮಾನರು: ತಮಾಷೆ ಬೇಡ ಕಣೇ! ಮೂರು ದಿನ ಬಂಡೆ ಮೇಲೆ ಕೂತು ತೆಗೆದ ಫೋಟೋ ಅವು!

ಟೀಚರ್: ಗೊತ್ತು ರೀ. ಮೂರು ದಿನ ಪಕ್ಕದಲ್ಲಿ ಕೊಡೆ ಹಿಡಿದು ನಿಂತವಳು ನಾನೇ ಅಲ್ವಾ? ಅದೂ ಕ್ಯಾಮೆರಾಗೆ. ಹೆಂಡತಿ ನೆನೆದರೆ ಒಣಗ್ತಾಳೆ, ಲೆನ್ಸ್ ನೆನೆದರೆ ಹೋಯ್ತು ಅಂದ್ರಿ.

ವೃತ್ತಿಯಿಂದ ಯಜಮಾನರು ಕನ್ನಡಕದ ಅಂಗಡಿಯವರು. ಪ್ರವೃತ್ತಿಯಿಂದ, ಊರಿನ ಛಾಯಾಗ್ರಾಹಕರ ಸಂಘದ ವಾರ್ಷಿಕ ಪ್ರದರ್ಶನವೆಂಬ ಮಹಾಸಮರದಲ್ಲಿ ಹನ್ನೊಂದು ವರ್ಷ ಎಡೆಬಿಡದೆ ಸೋತ ಸೇನಾಪತಿ. ಕಳೆದ ವರ್ಷ ಅವರ ಸಮುದ್ರದ ಚಿತ್ರ ಗೋಡೆ ಹತ್ತಿತ್ತು, ನಿಜ. ಆದರೆ ಅದು ಕೈ ತೊಳೆಯುವ ಬೇಸಿನ್ನಿನ ಮೇಲಿನ ಗೋಡೆ. ನಾಲ್ಕಾರು ಮಂದಿ ಅದರ ಗಾಜಿನಲ್ಲಿ ಮುಖ ನೋಡಿ ತಲೆ ಬಾಚಿಕೊಂಡು ಹೋಗಿದ್ದರು. ಈ ಸಲ ಅತ್ಯುತ್ತಮ ಚಿತ್ರಕ್ಕೆ ಮೀಸಲಾದ ನಡುಗೋಡೆಯನ್ನೇ ಗೆಲ್ಲಬೇಕೆಂದು ಹೊರಟವರು ಅವರು. ಇಂದು ಕಡೆಯ ದಿನ. ನಾಲ್ಕು ಗಂಟೆಗೆ ಸಂಘದ ಕಾರ್ಯದರ್ಶಿ ಮನೆಗೇ ಬಂದು ಚಿತ್ರ ಒಯ್ಯುವವರಿದ್ದರು. ಗಡಿಯಾರದಲ್ಲಿ ಆಗಲೇ ಮೂರೂವರೆ.

ಟೀಚರ್: ಪ್ರಶ್ನೆಪತ್ರಿಕೆ ಮಾಡೋಣ ಅಂತ ಕೂತೆ. ಕಂಪ್ಯೂಟರ್ ಜಾಗ ಇಲ್ಲ ಅಂತು. ನಿಮ್ಮ ಸಮುದ್ರ ತೆಗೆದು ನೋಡಿದೆ. ಅದೇ ಬಂಡೆ, ಅದೇ ಆಕಾಶ, ಮೂರು ಮೂರು ಸಲ. ಒಂದು ಇದ್ದಿಲ ಹಾಗೆ ಕಪ್ಪು, ಒಂದು ಸುಣ್ಣದ ಹಾಗೆ ಬಿಳಿ, ಒಂದು ಮಾತ್ರ ಮನುಷ್ಯರು ನೋಡೋ ಹಾಗಿತ್ತು. ಅದನ್ನ ಪಾಸ್ ಮಾಡಿದೆ. ಉಳಿದೆರಡು ನಪಾಸು.

ಯಜಮಾನರು: ಅವು ಕೆಟ್ಟುಹೋದವಲ್ಲ ಕಣೇ! ಬೇಕಂತಲೇ ಹಾಗೆ ತೆಗೆದಿದ್ದು!

ಟೀಚರ್: ಬೇಕಂತ ಕೆಡಿಸಿದ್ರಾ? ನಿಮಗೆ ತೆಗೆಯೋಕೆ ಬರದೇ ಕೆಟ್ಟಿದ್ದು ಅಂತ ನಾನು ಸುಮ್ಮನೆ ಕನಿಕರ ಪಟ್ಟೆ.

ಯಜಮಾನರು: ಅದು ಎಚ್‌ಡಿಆರ್! ನಮ್ಮ ಕಣ್ಣಿಗೆ ಬೆಳಕೂ ಕಾಣುತ್ತೆ, ನೆರಳೂ ಕಾಣುತ್ತೆ. ಕ್ಯಾಮೆರಾಗೆ ಅಷ್ಟು ಯೋಗ್ಯತೆ ಇಲ್ಲ. ಆಕಾಶ ಸರಿಮಾಡಿದ್ರೆ ಬಂಡೆ ಕಪ್ಪಾಗುತ್ತೆ, ಬಂಡೆ ಸರಿಮಾಡಿದ್ರೆ ಆಕಾಶ ಸುಟ್ಟು ಬೆಳ್ಳಗಾಗುತ್ತೆ. ಅದಕ್ಕೇ ಕಪ್ಪು ಫೋಟೋದಿಂದ ಆಕಾಶ, ಬಿಳೀದರಿಂದ ಬಂಡೆ, ನಡುವಿನದರಿಂದ ನೀರು. ಮೂರೂ ಬೆರೆಸಿದ್ರೆ ಒಂದು ಅದ್ಭುತ!

ಟೀಚರ್: ಮೂವರ ಉತ್ತರಪತ್ರಿಕೆ ಕತ್ತರಿಸಿ ಅಂಟಿಸಿ ಒಬ್ಬ ಜಾಣನನ್ನ ಮಾಡೋದು. ನಮ್ಮ ಸ್ಕೂಲಲ್ಲಿ ಅದಕ್ಕೆ ನಕಲು ಅಂತಾರೆ.

ಯಜಮಾನರು: ಇಡೀ ಪ್ರಪಂಚದಲ್ಲಿ ಅದಕ್ಕೆ ಕಲೆ ಅಂತಾರೆ!

ಟೀಚರ್: ಸರಿ ಕಲಾವಿದರೇ, ಬಂಡೆ ನಿಂತಿರುತ್ತೆ, ಒಪ್ಪಿದೆ. ಅಲೆ ನಿಲ್ಲುತ್ತಾ? ಮೊದಲನೇದರಲ್ಲಿ ಬಂದಿದ್ದು ಮೂರನೇದರಲ್ಲಿ ವಾಪಸ್ ಹೋಗಿರುತ್ತೆ. ಬೆರೆಸಿದಾಗ ಏನಾಗುತ್ತೆ?

ಯಜಮಾನರು ಎರಡು ಸಲ ಕೆಮ್ಮಿದರು. ಹೋದ ವರ್ಷದ ಚಿತ್ರದಲ್ಲಿ, ದಡದ ಮೇಲೆ ಓಡುತ್ತಿದ್ದ ನಾಯಿಯೊಂದಕ್ಕೆ ಬೆರೆಸಿದ ಭರದಲ್ಲಿ ಒಂಬತ್ತು ಕಾಲು ಮೂಡಿದ್ದು ಸಂಘದಲ್ಲಿ ಇನ್ನೂ ಮಾತಾಗಿತ್ತು.

ಯಜಮಾನರು: ಅದನ್ನ ದೆವ್ವ ಅಂತೀವಿ. ಅಲುಗಾಡಿದ್ದೆಲ್ಲ ದೆವ್ವ ಆಗುತ್ತೆ. ದೆವ್ವ ಬಿಡಿಸೋಕೂ ಒಂದು ಬಟನ್ ಇದೆ.

ಟೀಚರ್: ಇನ್ನೊಂದು ಫೋಟೋಗೆ ಒತ್ತಿದ್ರಲ್ಲ! ದೆವ್ವ ಹೋಯ್ತು, ಜೊತೆಗೆ ನೀರಿನ ಅಂಚಲ್ಲಿ ನಡೀತಿದ್ದ ನಾನೂ ಹೋದೆ. ಪಕ್ಕದಲ್ಲಿ ಬಿಟ್ಟಿದ್ದ ಚಪ್ಪಲಿ ಅಲುಗಾಡಲಿಲ್ಲ ನೋಡಿ, ಅದು ಉಳೀತು. ನಮ್ಮಣ್ಣ ಫೋಟೋ ನೋಡಿ ಗಾಬರಿಯಾಗಿ ಫೋನ್ ಮಾಡಿದ್ದ, ತಂಗಿ ಸಮುದ್ರದಿಂದ ವಾಪಸ್ ಬಂದಳಾ ಅಂತ.

ಯಜಮಾನರು: ಹಳೇದೆಲ್ಲ ಬಿಡು. ಕಂಪ್ಯೂಟರಿನ ಕಸದ ಬುಟ್ಟೀಲಾದ್ರೂ ಇರಬೇಕಲ್ಲ?

ಟೀಚರ್: ಅದನ್ನೂ ಖಾಲಿ ಮಾಡಿದೆ. ಅರ್ಧ ಗುಡಿಸಿ ಪೊರಕೆ ಮೂಲೆಗಿಡೋ ಅಭ್ಯಾಸ ನನಗಿಲ್ಲ. ಕ್ಯಾಮೆರಾದ ಕಾರ್ಡನ್ನ ನೀವೇ ಬೆಳಗ್ಗೆ ಚೊಕ್ಕಟ ಮಾಡಿದ್ರಿ.

ಯಜಮಾನರು: ಮುಗೀತು. ಹನ್ನೆರಡನೇ ಸಲವೂ ಸೋಲು, ಮತ್ತೆ ಬೇಸಿನ್ನೇ ಗತಿ. ನಿನಗೇನಾಗಬೇಕು? ಶತ್ರುಗಳು ಹೊರಗಿದ್ರೆ ಬಾಗಿಲು ಹಾಕ್ಕೋಬಹುದು, ಒಳಗೇ ಇದ್ರೆ ಯಾವ ಬಾಗಿಲು ಹಾಕ್ಕೊಳ್ಲಿ?

ಹೀಗೆಂದು ಸೇನಾಪತಿ ಕುರ್ಚಿಗೆ ಕುಸಿದರು. ದನಿ ಕೊನೆಯಲ್ಲಿ ನಿಜಕ್ಕೂ ಒಡೆದಿತ್ತು. ಟೀಚರ್ ಅವರ ಮುಖ ನೋಡಿ ಒಳಕೋಣೆಗೆ ನಡೆದರು. ಅಷ್ಟರಲ್ಲಿ ಕರೆಗಂಟೆ ಮೊಳಗಿತು. ಕಾರ್ಯದರ್ಶಿ ಕಾಲು ಗಂಟೆ ಮುಂಚೆಯೇ ಬಂದಿದ್ದರು, ಕಂಕುಳಲ್ಲಿ ಕಡತ, ಮುಖದಲ್ಲಿ ಮಹಾ ಬೇಸರ.

ಕಾರ್ಯದರ್ಶಿ: ತೋರಿಸಿ ಸಾರ್, ತೋರಿಸಿ. ಬೆಳಗ್ಗಿಂದ ಮೂವತ್ತೊಂದು ಸಮುದ್ರ ನೋಡಿದ್ದೀನಿ. ಇನ್ನೊಂದು ನೋಡಿದ್ರೆ ವಾಂತಿ ಆಗುತ್ತೆ, ಆದರೂ ತೋರಿಸಿ.

ಯಜಮಾನರು: ಸಾರ್, ನನ್ನದು ಈ ಸಲ ಸ್ವಲ್ಪ… ಒಂದು ಅನಾಹುತ ಆಗಿ…

ಕಾರ್ಯದರ್ಶಿ: ಕಂಪ್ಯೂಟರ್ ಪರದೆ ಮೇಲೆ ಇದೆಯಲ್ಲ, ಇದೇನಾ?

ಪರದೆಯ ಮೇಲೆ ಟೀಚರ್ ಪಾಸು ಮಾಡಿದ ನಲವತ್ತರಲ್ಲಿ ಒಂದಿತ್ತು. ಸೂರ್ಯನ ಸುತ್ತ ಆಕಾಶ ಬೆಳ್ಳಗೆ ಕರಗಿತ್ತು. ಬಂಡೆಯ ಬುಡ ಕತ್ತಲಲ್ಲಿ ಮುಳುಗಿತ್ತು. ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಕಾರ್ಯದರ್ಶಿ: ಅಬ್ಬ! ಸಮುದ್ರ ಸಮುದ್ರದ ಹಾಗಿದೆ! ಸಾರ್, ಮೂವತ್ತೊಂದು ಜನರೂ ಆ ಮೂರು ಫೋಟೋ ಬೆರೆಸೋ ಹುಚ್ಚಿಗೆ ಬಿದ್ದಿದ್ದಾರೆ. ನೀರು ಕಲರ್ ಸೋಡಾ ಥರ, ಮೋಡ ಕಲ್ಲಿದ್ದಲ ಥರ, ಬಂಡೆಗೆ ಮೈತುಂಬ ಕಜ್ಜಿ. ನಿಮ್ಮದು ಬೆರಕೆ ಅಲ್ಲ ತಾನೇ? ನಡುಗೋಡೆಗೆ ಒಂದೇ ಕ್ಲಿಕ್ಕಿನ ಚಿತ್ರವೇ ಬೇಕು ಅಂತ ಸಮಿತಿ ಹಟ ಹಿಡಿದಿದೆ.

ಯಜಮಾನರು ಬಾಯಿ ತೆರೆದಾಗ ಅದರೊಳಗೆ ಸತ್ಯವೇ ಇತ್ತು. ‘ನಡುಗೋಡೆ’ ಎಂಬ ಪದ ಕಿವಿಗೆ ಬಿದ್ದು, ಅದು ಗಂಟಲಲ್ಲೇ ಹಿಂದಕ್ಕೆ ತಿರುಗಿತು.

ಯಜಮಾನರು: ಬೆರಕೆಯಾ? ನಾನಾ? ಛೇ ಛೇ! ಮೂರು ದಿನ ಕಾದೆ ಸಾರ್. ಒಂದೇ ಕ್ಲಿಕ್. ಆ ದೃಶ್ಯಕ್ಕೆ ಎರಡನೇ ಸಲ ಬಟನ್ ಒತ್ತೋದು ಸಮುದ್ರಕ್ಕೇ ಅವಮಾನ.

ಕಾರ್ಯದರ್ಶಿ: ಆಹಾ! ಈ ಮಾತನ್ನೇ ಉದ್ಘಾಟನೆ ದಿನ ಹೇಳಿ. ಅರ್ಧ ಗಂಟೆ ನಿಮ್ಮ ಭಾಷಣ ಇರಲಿ, ‘ಒಂದೇ ಕ್ಲಿಕ್ಕಿನ ಸಂಯಮ’ ಅಂತ.

ಒಳಬಾಗಿಲಲ್ಲಿ ಟೀಚರ್ ಕಾಣಿಸಿಕೊಂಡರು. ಕೈಯಲ್ಲಿ ಪೆನ್‌ಡ್ರೈವ್.

ಟೀಚರ್: ರೀ, ಅಷ್ಟೊಂದು ಅಳಬೇಡಿ. ನಪಾಸಾದವರ ಪತ್ರಿಕೆ ಒಂದು ವರ್ಷ ತೆಗೆದಿಡಬೇಕು ಅನ್ನೋದು ನಮ್ಮ ನಿಯಮ, ಮರುಮೌಲ್ಯಮಾಪನಕ್ಕೆ. ಅಳಿಸೋ ಮುಂಚೆ ಎಂಬತ್ತನ್ನೂ ಇದರಲ್ಲಿ ಹಾಕಿಟ್ಟಿದ್ದೀನಿ. ನೀವು ಬೈದು ಮುಗಿಸಲಿ ಅಂತ ಕಾಯ್ತಿದ್ದೆ… ಓ, ಕಾರ್ಯದರ್ಶಿಗಳು ಬಂದಿದ್ದಾರೆ!

ಕಾರ್ಯದರ್ಶಿ: ಏನು ಮೇಡಂ ಎಂಬತ್ತು?

ಯಜಮಾನರ ಮುಖ ಮೊದಲು ಸುಣ್ಣವಾಯಿತು, ಆಮೇಲೆ ಇದ್ದಿಲಾಯಿತು. ನಡುವಿನ ಬಣ್ಣ ಬರಲೇ ಇಲ್ಲ. ಹಿಂದಿನ ಬೆಂಚಿನ ಹುಡುಗರ ಮುಖವನ್ನು ಇಪ್ಪತ್ತೆರಡು ವರ್ಷ ಓದಿದ ಟೀಚರಿಗೆ ಅಷ್ಟೇ ಸಾಕಾಯಿತು.

ಟೀಚರ್: ಸ್ಕೂಲಿಂದು ಸಾರ್. ಎಂಬತ್ತು ಜನ ನಪಾಸು.

ಕಾರ್ಯದರ್ಶಿ: ಅಯ್ಯೋ ಪಾಪ! ಅಷ್ಟೊಂದಾ?

ಟೀಚರ್: ಮಕ್ಕಳದ್ದೇನೂ ತಪ್ಪಿಲ್ಲ ಸಾರ್. ಹೆತ್ತ ತಂದೆಯೇ ಎಲ್ಲರ ಮುಂದೆ ನಮ್ಮವಲ್ಲ ಅಂದ್ರೆ ಅವು ತಾನೇ ಏನು ಮಾಡ್ತಾವೆ?

ಕಾರ್ಯದರ್ಶಿ ನಿಟ್ಟುಸಿರಿಟ್ಟು, ಚಿತ್ರವನ್ನು ತಮ್ಮ ಫೋನಿಗೆ ಕಳಿಸಿಕೊಂಡು ಹೊರಟರು. ಬಾಗಿಲು ಮುಚ್ಚಿದ್ದೇ ತಡ, ಯಜಮಾನರು ಕೈ ಮುಗಿದರು.

ಯಜಮಾನರು: ನನ್ನ ತಾಯಿ, ಅದನ್ನ ಈಗಲೇ ಅಳಿಸಿಬಿಡು! ಎಂಬತ್ತನ್ನೂ!

ಟೀಚರ್: ಎಲ್ಲಾದ್ರೂ ಉಂಟೇ? ಕಲೆ ರೀ ಅದು! ನಿಮ್ಮ ಭಾಷಣದ ದಿನ ಮುಂದಿನ ಸಾಲಲ್ಲೇ ಕೂತಿರ್ತೀನಿ, ಇದನ್ನ ಪರ್ಸಲ್ಲಿಟ್ಕೊಂಡು.

ಯಜಮಾನರು: ಅಲ್ಲಿಗೆ ಯಾಕೆ ತರ್ತೀಯೇ?

ಟೀಚರ್: ಈ ಚಿತ್ರ ಆರಿಸಿದ್ದು ಯಾರು ಅನ್ನೋದು ಭಾಷಣದ ಮಧ್ಯೆ ನಿಮಗೆ ಮರೆತುಹೋಗಬಾರದಲ್ಲ, ಅದಕ್ಕೆ.